ಬರ, ಬಿಸಿಲು, ಕೊಳಾಯಿ ನೀರು: ಸದನದಲ್ಲಿ ಕೇಳುವ ಪ್ರಶ್ನೆ ಸಿದ್ಧಪಡಿಸುವ ಸಮಗ್ರ ಮಾರ್ಗದರ್ಶಿ

ಕರ್ನಾಟಕ ವಿಧಾನಸಭೆಯ ಹಳೆಯ ಪ್ರಶ್ನೋತ್ತರಗಳನ್ನು ತೆರೆದರೆ ಒಂದೇ ಅಚ್ಚಿನ ಪ್ರಶ್ನೆಗಳು ಸಾಲುಸಾಲಾಗಿ ಸಿಗುತ್ತವೆ. "ಅ) ಹವಾಮಾನ ವೈಪರೀತ್ಯದಿಂದ ಕುಡಿಯುವ ನೀರಿನ ಸಮಸ್ಯೆ ಉಂಟಾಗಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ, ಆ) ಬಂದಿದ್ದಲ್ಲಿ, ಸರ್ಕಾರ ಕೈಗೊಂಡ ಕ್ರಮಗಳೇನು, ಇ) ಇಲ್ಲವಾದಲ್ಲಿ, ಕಾರಣಗಳೇನು?" ಇಂಥ ಪ್ರಶ್ನೆಗೆ ಎದುರಿನ ಕಲಮಿನಲ್ಲಿ ಬರುವ ಉತ್ತರ ಊಹಿಸಬಹುದಾದದ್ದೇ: "ಬಂದಿದೆ", "ಅಗತ್ಯ ಕ್ರಮ ಕೈಗೊಳ್ಳಲಾಗಿದೆ", "ಉದ್ಭವಿಸುವುದಿಲ್ಲ". ಊರಿಗೆ ಒಯ್ಯುವಂಥದ್ದು ಅದರಲ್ಲಿ ಏನೂ ಇರುವುದಿಲ್ಲ. ಹೀಗಾಗಲು ಅಧಿಕಾರಿಗಳ ಜಾಣತನ ಬೇಕಿಲ್ಲ, ಪ್ರಶ್ನೆಯೇ ದಾರಿ ಮಾಡಿಕೊಟ್ಟಿರುತ್ತದೆ.

ಈ ಮಾರ್ಗದರ್ಶಿ ಶಾಸಕರಿಗೆ, ಸಂಸದರಿಗೆ, ಅವರ ಆಪ್ತ ಸಹಾಯಕರಿಗೆ, ಮತ್ತು ಅವರ ಕೈಗೆ ಕರಡು ಕೊಡುವ ರೈತ ಸಂಘ, ನಿವಾಸಿಗಳ ಸಂಘ, ಗ್ರಾಮ ಪಂಚಾಯಿತಿ ಸದಸ್ಯರಿಗೆ. ಹವಾಮಾನ ಬದಲಾವಣೆಯ ಬಗ್ಗೆ ಕೇಳಬೇಕೆಂದಿದ್ದರೆ ಆ ಪದವನ್ನು ಬದಿಗಿಟ್ಟು, ಅದು ಯಾವ ಸೇವೆಯನ್ನು ಕೆಡಿಸುತ್ತಿದೆಯೋ ಆ ಸೇವೆಯ ಬಗ್ಗೆ ಕೇಳಬೇಕು. ಯಾವ ಊರು, ಯಾವ ವರ್ಷ, ಎಷ್ಟು ಟ್ಯಾಂಕರ್, ಎಷ್ಟು ಹಣ, ಯಾವ ದಿನಾಂಕ ಎಂದು ಕೇಳಿದರೆ ಇಲಾಖೆ ಕಡತ ತೆರೆಯಲೇಬೇಕಾಗುತ್ತದೆ.

ಮೊದಲು ತೀರ್ಮಾನಿಸಬೇಕಾದದ್ದು: ಯಾವ ಸದನ, ಯಾವ ಇಲಾಖೆ

ಹೆಚ್ಚಿನ ಪ್ರಶ್ನೆಗಳು ಸೋಲುವುದು ಇಲ್ಲಿಯೇ. ತಪ್ಪು ಇಲಾಖೆಗೆ ಹೋದ ಪ್ರಶ್ನೆ ಒಂದೋ ವರ್ಗಾವಣೆಯಾಗಿ ದಿನ ಕಳೆದುಕೊಳ್ಳುತ್ತದೆ, ಇಲ್ಲವೇ "ಈ ಇಲಾಖೆಗೆ ಸಂಬಂಧಿಸಿರುವುದಿಲ್ಲ" ಎಂಬ ಒಂದು ಸಾಲು ಹೊತ್ತು ಬರುತ್ತದೆ.

ಕೆರೆಯ ವಿಷಯವನ್ನೇ ನೋಡಿ. ಅಚ್ಚುಕಟ್ಟು, ಅಂದರೆ ಕೆರೆಯ ನೀರು ಹಾಯುವ ಜಮೀನು, 40 ಹೆಕ್ಟೇರಿಗಿಂತ ಹೆಚ್ಚಿದ್ದರೆ ಅದು ಸಣ್ಣ ನೀರಾವರಿ ಇಲಾಖೆಯದು. ಅದಕ್ಕಿಂತ ಕಡಿಮೆಯಿದ್ದರೆ ಪಂಚಾಯತ್ ರಾಜ್ ವ್ಯವಸ್ಥೆಯದು, ಅಂದರೆ ಗ್ರಾಮೀಣಾಭಿವೃದ್ಧಿ ಸಚಿವರಿಗೆ ಕೇಳಬೇಕು. ಒತ್ತುವರಿ ತೆರವು, ಸರ್ವೆ, ಗಡಿ ಗುರುತು ಕಂದಾಯ ಇಲಾಖೆಯ ಕೆಲಸ. ಕೆರೆಗೆ ಚರಂಡಿ ನೀರು ಸೇರುತ್ತಿದ್ದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಕಡೆಯಿಂದ ಪರಿಸರ ಇಲಾಖೆ ಉತ್ತರಿಸಬೇಕು, ನಗರದ ಕೆರೆಯಾದರೆ ನಗರಾಭಿವೃದ್ಧಿ ಇಲಾಖೆಯೂ ಬರುತ್ತದೆ. ಆದ್ದರಿಂದ "ನಮ್ಮ ಕೆರೆಯ ಅಭಿವೃದ್ಧಿ" ಎಂದು ಒಂದೇ ಪ್ರಶ್ನೆ ಬರೆಯುವ ಮುನ್ನ ಕೆರೆಯ ಸರ್ವೆ ನಂಬರು, ವಿಸ್ತೀರ್ಣ, ಅಚ್ಚುಕಟ್ಟು ಇವಿಷ್ಟನ್ನು ತಾಲ್ಲೂಕು ಕಚೇರಿಯಿಂದ ಪಡೆದಿಟ್ಟುಕೊಳ್ಳಿ.

ಅಂತರ್ಜಲ ನಿರ್ದೇಶನಾಲಯವೂ ಸಣ್ಣ ನೀರಾವರಿ ಇಲಾಖೆಯ ಅಡಿಯಲ್ಲೇ ಇದೆ. ಹಳ್ಳಿಯ ಕುಡಿಯುವ ನೀರಿನ ಕೊಳವೆಬಾವಿ ಗ್ರಾಮೀಣಾಭಿವೃದ್ಧಿ ಇಲಾಖೆಯದು, ಅದರ ಮೋಟರಿಗೆ ಬರುವ ಕರೆಂಟು ಇಂಧನ ಇಲಾಖೆಯದು, ಬರಗಾಲದಲ್ಲಿ ಟ್ಯಾಂಕರಿಗೆ ಬಿಡುಗಡೆಯಾಗುವ ಹಣ ಕಂದಾಯ ಇಲಾಖೆಯದು. ರಾಜ್ಯದ ಹವಾಮಾನ ಬದಲಾವಣೆ ಕ್ರಿಯಾ ಯೋಜನೆಯನ್ನು ತಯಾರಿಸಿದ್ದು ಬೆಂಗಳೂರಿನ ಪರಿಸರ ನಿರ್ವಹಣೆ ಮತ್ತು ನೀತಿ ಸಂಶೋಧನಾ ಸಂಸ್ಥೆ, ಅಂದರೆ ಎಲ್ಲರೂ ಎಂಪ್ರಿ ಎನ್ನುವ ಸಂಸ್ಥೆ. ಅದು ಅರಣ್ಯ, ಜೀವಿಪರಿಸ್ಥಿತಿ ಮತ್ತು ಪರಿಸರ ಇಲಾಖೆಯ ಕೆಳಗಿದೆ. ಆದರೆ ಯೋಜನೆ ಜಾರಿ ಮಾಡಬೇಕಾದವು ಕೃಷಿ, ನೀರಾವರಿ, ಆರೋಗ್ಯ, ಇಂಧನ ಇಲಾಖೆಗಳು. ಪರಿಸರ ಸಚಿವರಿಗೆ ಮಾತ್ರ ಕೇಳಿದರೆ ಯೋಜನೆಯ ಮುನ್ನುಡಿಯಷ್ಟೇ ಉತ್ತರವಾಗಿ ಬರುತ್ತದೆ.

ಒಂದೇ ಘಟನೆ ಕೇಂದ್ರ, ರಾಜ್ಯ ಎರಡೂ ಕಡೆ ಹೇಗೆ ಹಂಚಿಹೋಗುತ್ತದೆ ಎಂಬುದಕ್ಕೆ 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಆದ ಗುಡ್ಡ ಕುಸಿತ ಒಳ್ಳೆಯ ನಿದರ್ಶನ. ಗುಡ್ಡ ಕುಸಿದದ್ದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ. ಹೆದ್ದಾರಿಗಾಗಿ ಗುಡ್ಡ ಕಡಿದ ಇಳಿಜಾರು, ಗುತ್ತಿಗೆಯ ಷರತ್ತು, ತಡೆಗೋಡೆ, ಇವೆಲ್ಲ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯಕ್ಕೆ ಲೋಕಸಭೆಯಲ್ಲೋ ರಾಜ್ಯಸಭೆಯಲ್ಲೋ ಕೇಳಬೇಕಾದವು. ಕುಸಿಯಬಹುದಾದ ಜಾಗಗಳ ನಕ್ಷೆ ಮಾಡುವುದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ, ಅದು ಕೇಂದ್ರ ಗಣಿ ಸಚಿವಾಲಯದ ಅಡಿಯಲ್ಲಿದೆ. ಆ ನಕ್ಷೆಯನ್ನು ಪಡೆದ ಜಿಲ್ಲಾಡಳಿತ ಏನು ಮಾಡಿತು, ಯಾವ ಮನೆಗಳನ್ನು ಸ್ಥಳಾಂತರಿಸಿತು, ಪರಿಹಾರ ಎಷ್ಟು ಕೊಟ್ಟಿತು ಎಂಬುದು ವಿಧಾನಸಭೆಯಲ್ಲಿ ಕಂದಾಯ ಸಚಿವರಿಗೆ. ಹೀಗೆ ಮೂರು ಪ್ರಶ್ನೆ, ಮೂರು ಉತ್ತರ. ಮೂರನ್ನೂ ಪಕ್ಕಪಕ್ಕ ಇಟ್ಟಾಗಲೇ ಯಾರು ಎಲ್ಲಿ ಕೈಬಿಟ್ಟರು ಎಂಬುದು ಗೊತ್ತಾಗುವುದು. ಕ್ಷೇತ್ರದ ಶಾಸಕರೂ ಸಂಸದರೂ ಬೇರೆ ಬೇರೆ ಪಕ್ಷದವರಾಗಿದ್ದರೂ ಇಂಥ ವಿಷಯದಲ್ಲಿ ಇಬ್ಬರ ಕಚೇರಿಗೂ ಕರಡು ತಲುಪಿಸಿ.

ಸಂಸತ್ತಿನಲ್ಲಿ ಒಂದು ಎಚ್ಚರ ಬೇಕು. ಮುಖ್ಯವಾಗಿ ರಾಜ್ಯದ ಹೊಣೆಯಾಗಿರುವ ವಿಷಯವನ್ನು ಅಲ್ಲಿ ಒಪ್ಪುವುದಿಲ್ಲ. "ನಮ್ಮ ತಾಲ್ಲೂಕಿನ ನೀರಿನ ಸಮಸ್ಯೆ" ಎಂದರೆ ತಿರಸ್ಕಾರ. "ಜಲ ಜೀವನ್ ಮಿಷನ್ ಅಡಿ ಕರ್ನಾಟಕಕ್ಕೆ ವರ್ಷವಾರು ಹಂಚಿಕೆ, ಬಿಡುಗಡೆ, ಬಾಕಿ ಎಷ್ಟು, ಬಾಕಿಗೆ ಕಾರಣವೇನು" ಎಂದರೆ ಅಂಗೀಕಾರ. ಕೇಂದ್ರದ ಹಣ, ಕೇಂದ್ರದ ಕಾನೂನು, ಕೇಂದ್ರದ ಸಂಸ್ಥೆ ಈ ಮೂರರಲ್ಲಿ ಒಂದರ ಎಳೆ ಪ್ರಶ್ನೆಯಲ್ಲಿ ಇರಲೇಬೇಕು. ಬೆಂಗಳೂರಿನ ಎಲೆಕ್ಟ್ರಿಕ್ ಬಸ್ಸುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಕೇಂದ್ರದ ಸಹಾಯಧನದ ಪ್ರಶ್ನೆ ಬೃಹತ್ ಕೈಗಾರಿಕಾ ಸಚಿವಾಲಯಕ್ಕೆ ಹೋಗಬೇಕು. ಯಾವ ಡಿಪೋಗೆ ಎಷ್ಟು ಬಸ್, ಕಿಲೋಮೀಟರಿಗೆ ಗುತ್ತಿಗೆದಾರರಿಗೆ ಎಷ್ಟು ಪಾವತಿ, ರದ್ದಾದ ಟ್ರಿಪ್ಪುಗಳೆಷ್ಟು ಎಂಬುದು ರಾಜ್ಯದ ಸಾರಿಗೆ ಸಚಿವರಿಗೆ.

ಅಧಿವೇಶನ ಘೋಷಣೆಯಾಗುವ ಮೊದಲೇ ಮಾಡಬೇಕಾದ ತಯಾರಿ

ಅಧಿವೇಶನದ ದಿನಾಂಕ ಪ್ರಕಟವಾದ ಮೇಲೆ ಕೈಯಲ್ಲಿ ಉಳಿಯುವುದು ಕೆಲವೇ ದಿನ. ಸದನದ ಸಚಿವಾಲಯ ಹೊರಡಿಸುವ ಲಘು ಪ್ರಕಟಣೆಯಲ್ಲಿ ಯಾವ ದಿನ ಯಾವ ಇಲಾಖೆಗಳ ಸರದಿ, ಪ್ರಶ್ನೆಯ ಸೂಚನೆ ತಲುಪಿಸಲು ಕೊನೆಯ ದಿನ ಯಾವುದು ಎಂಬುದು ಇರುತ್ತದೆ. ಅದನ್ನು ಮುದ್ರಿಸಿ ಗೋಡೆಗೆ ಅಂಟಿಸಿಕೊಳ್ಳಿ. ಲೋಕಸಭೆಯಲ್ಲಿ ಸೂಚನೆ ಕೊಟ್ಟ ದಿನ, ಉತ್ತರದ ದಿನ ಎರಡನ್ನೂ ಬಿಟ್ಟು ಕನಿಷ್ಠ 15 ಪೂರ್ಣ ದಿನ ಇರಬೇಕು. ಬೆಳಗಾವಿಯ ಸುವರ್ಣ ವಿಧಾನಸೌಧದ ಚಳಿಗಾಲದ ಅಧಿವೇಶನ ಚಿಕ್ಕದು. ಒಂದು ಇಲಾಖೆಗೆ ಸಿಗುವ ಸರದಿ ಒಂದೆರಡೇ. ಉತ್ತರ ಕರ್ನಾಟಕದ ಬರ, ಬಿಸಿಲಿನ ಪ್ರಶ್ನೆಗಳನ್ನು ಅಲ್ಲಿಗೆಂದೇ ಕಾದಿರಿಸಿದ್ದರೆ ಕರಡುಗಳು ಅಕ್ಟೋಬರಿನಲ್ಲೇ ಸಿದ್ಧವಿರಲಿ.

ಮೊದಲು ಹಳೆಯ ಉತ್ತರಗಳನ್ನು ಹುಡುಕಿ. ವಿಧಾನಸಭೆ, ವಿಧಾನ ಪರಿಷತ್ತುಗಳ ಜಾಲತಾಣದಲ್ಲೂ ಸಂಸತ್ತಿನ ಜಾಲತಾಣದಲ್ಲೂ ಪ್ರಶ್ನೋತ್ತರಗಳು ಸಿಗುತ್ತವೆ. ಅದೇ ವಿಷಯಕ್ಕೆ ಈಗಾಗಲೇ ಉತ್ತರ ಬಂದಿದ್ದರೆ ನಿಮ್ಮ ಪ್ರಶ್ನೆ ಪುನರಾವರ್ತನೆ ಎಂದು ಬಿದ್ದುಹೋಗಬಹುದು. ಹಳೆಯ ಉತ್ತರವೇ ನಿಮ್ಮ ಹೊಸ ಪ್ರಶ್ನೆಗೆ ಬುನಾದಿಯೂ ಆಗಬಹುದು. ಎರಡು ವರ್ಷದ ಹಿಂದೆ "ಟೆಂಡರ್ ಹಂತದಲ್ಲಿದೆ" ಎಂದಿದ್ದ ಬಹುಗ್ರಾಮ ಕುಡಿಯುವ ನೀರಿನ ಯೋಜನೆ ಈಗ ಎಲ್ಲಿದೆ ಎಂದು ಕೇಳುವುದಕ್ಕಿಂತ ಗಟ್ಟಿಯಾದ ಆರಂಭ ಇನ್ನೊಂದಿಲ್ಲ.

ಆಮೇಲೆ ಮಳೆ, ಉಷ್ಣಾಂಶದ ಅಂಕಿಗಳು. ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕಗಳ, ಹೋಬಳಿ ಮಟ್ಟದ ಹವಾಮಾನ ಕೇಂದ್ರಗಳ ಜಾಲವಿದೆ. ತಾಲ್ಲೂಕಿನ ಸರಾಸರಿ ಮಳೆ ಸರಿಯಿದ್ದು ನಿಮ್ಮ ಹೋಬಳಿಯಲ್ಲಿ ಮಾತ್ರ ಬರಗಾಲವಿದ್ದರೆ, ಪ್ರಶ್ನೆಯಲ್ಲಿ "ತಾಲ್ಲೂಕು" ಎಂದು ಬರೆದ ಕ್ಷಣವೇ ನಿಮ್ಮ ಹೋಬಳಿ ಸರಾಸರಿಯೊಳಗೆ ಕಾಣೆಯಾಗುತ್ತದೆ.

ಬಜೆಟ್ ಪುಸ್ತಕಗಳಲ್ಲಿ ಲೆಕ್ಕಶೀರ್ಷಿಕೆ, ಅಂದರೆ ಹಣ ಯಾವ ಬಾಬ್ತಿಗೆ ಎಂದು ತೋರಿಸುವ ಸಂಖ್ಯೆ, ನೋಡಿ: ನೈಸರ್ಗಿಕ ವಿಕೋಪ ಪರಿಹಾರಕ್ಕೆ 2245, ನೀರು ಸರಬರಾಜು ಮತ್ತು ನೈರ್ಮಲ್ಯಕ್ಕೆ 2215, ಸಣ್ಣ ನೀರಾವರಿಗೆ 2702, ಅದರ ಬಂಡವಾಳ ವೆಚ್ಚಕ್ಕೆ 4702, ಪರಿಸರಕ್ಕೆ 3435. ಲೆಕ್ಕಶೀರ್ಷಿಕೆ ಬರೆದ ಪ್ರಶ್ನೆಗೆ ಹಾರಿಕೆಯ ಉತ್ತರ ಕೊಡುವುದು ಕಷ್ಟ, ಏಕೆಂದರೆ ಅದೇ ಅಂಕಿ ಮಹಾಲೇಖಪಾಲರ ಬಳಿಯೂ ಇರುತ್ತದೆ.

ಮಾಹಿತಿ ಹಕ್ಕು ಅರ್ಜಿಗೆ 30 ದಿನದ ಗಡುವು ಇರುವುದರಿಂದ ಅಧಿವೇಶನಕ್ಕೆ ಎರಡು ತಿಂಗಳು ಮೊದಲೇ ಹಾಕಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದ ಮಿತಿ. ಪಂಚಾಯಿತಿಯಿಂದ ಟ್ಯಾಂಕರ್ ಲಾಗ್‌ಬುಕ್ಕಿನ ಪ್ರತಿ, ಬಿಲ್ಲುಗಳ ಪ್ರತಿ ಪಡೆದಿಟ್ಟುಕೊಂಡರೆ ಸಚಿವರ ಉತ್ತರದ ಪಕ್ಕದಲ್ಲಿಟ್ಟು ತಾಳೆ ನೋಡಬಹುದು.

ಕರಡು ಬರೆಯುವುದು

ಜಗಳೂರು ತಾಲ್ಲೂಕನ್ನು ಉದಾಹರಣೆಗೆ ಇಟ್ಟುಕೊಂಡು, ಮೊದಲು ಕಂಡ ಸೊರಗಿದ ಪ್ರಶ್ನೆಯನ್ನು ಹೀಗೆ ತಿದ್ದಿ ಬರೆಯಬಹುದು. ಉತ್ತರಿಸುವವರು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರು.

"ಅ) ಜಗಳೂರು ತಾಲ್ಲೂಕಿನಲ್ಲಿ 2022-23, 2023-24 ಹಾಗೂ 2024-25ನೇ ಸಾಲಿನಲ್ಲಿ ಟ್ಯಾಂಕರ್ ಮೂಲಕ ಅಥವಾ ಬಾಡಿಗೆ ಖಾಸಗಿ ಕೊಳವೆಬಾವಿ ಮೂಲಕ ಕುಡಿಯುವ ನೀರು ಪೂರೈಸಲಾದ ಗ್ರಾಮಗಳು ಯಾವುವು; ಪೂರೈಸಿದ ದಿನಗಳೆಷ್ಟು (ಗ್ರಾಮವಾರು, ವರ್ಷವಾರು ವಿವರ ನೀಡುವುದು);

ಆ) ಸದರಿ ಗ್ರಾಮಗಳ ಪೈಕಿ ಜಲ ಜೀವನ್ ಮಿಷನ್ ಅಡಿ ಎಲ್ಲ ಮನೆಗಳಿಗೂ ನಳ ಸಂಪರ್ಕ ಪೂರ್ಣಗೊಂಡಿದೆ ಎಂದು ವರದಿ ಮಾಡಲಾದ ಗ್ರಾಮಗಳು ಯಾವುವು; ಅವುಗಳ ನೀರಿನ ಮೂಲ ಯಾವುದು ಹಾಗೂ ಬೇಸಿಗೆಯಲ್ಲಿ ತಲಾ 55 ಲೀಟರ್ ಲಭ್ಯತೆಯನ್ನು ಯಾವ ದಿನಾಂಕದಂದು ಅಳೆಯಲಾಗಿದೆ;

ಇ) ಸದರಿ ಅವಧಿಯಲ್ಲಿ ಕೊರೆಯಿಸಿದ ಕೊಳವೆಬಾವಿಗಳು, ಅವುಗಳ ಆಳ, ನೀರು ಬಾರದೆ ವಿಫಲವಾದವು ಹಾಗೂ ತಗುಲಿದ ವೆಚ್ಚವೆಷ್ಟು;

ಈ) ಅಂತರ್ಜಲ ಮೂಲ ಬತ್ತಿದ ಗ್ರಾಮಗಳಿಗೆ ಮೇಲ್ಮೈ ನೀರಿನ ಮೂಲ ಒದಗಿಸುವ ಕಾಮಗಾರಿಯ ಪ್ರಸ್ತುತ ಹಂತವೇನು; ಯಾವ ದಿನಾಂಕದೊಳಗೆ ನೀರು ಹರಿಸಲಾಗುವುದು?"

ಇಲ್ಲಿ ಹವಾಮಾನ ಬದಲಾವಣೆ ಎಂಬ ಪದವೇ ಇಲ್ಲ. ಆದರೆ 'ಆ' ಭಾಗ ನೇರವಾಗಿ ಅದನ್ನೇ ಕೇಳುತ್ತಿದೆ. ಮನೆಗೆ ನಲ್ಲಿ ಬಂದಿದೆ ಎಂದು ದಾಖಲೆಯಲ್ಲಿರುವ ಊರಿಗೂ ಬೇಸಿಗೆಯಲ್ಲಿ ಟ್ಯಾಂಕರ್ ಹೋಗುತ್ತಿದ್ದರೆ, ಪೈಪು ಹಾಕಿದ್ದು ಬತ್ತುವ ಮೂಲಕ್ಕೆ ಎಂದಾಯಿತು. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್‌ನ ಅಳತೆಗೋಲು ತಲಾ ದಿನಕ್ಕೆ 55 ಲೀಟರ್. ಸಂಪರ್ಕದ ಸಂಖ್ಯೆ ಕೇಳಿದರೆ ಹೆಮ್ಮೆಯ ಅಂಕಿ ಬರುತ್ತದೆ, ಲೀಟರ್ ಮತ್ತು ಅಳೆದ ದಿನಾಂಕ ಕೇಳಿದರೆ ನಿಜಸ್ಥಿತಿ ಬರುತ್ತದೆ. 'ಇ' ಭಾಗದಲ್ಲಿ ಆಳ ಕೇಳಿರುವುದೂ ಬೇಕೆಂದೇ. ವರ್ಷದಿಂದ ವರ್ಷಕ್ಕೆ ಆಳ ಹೆಚ್ಚುತ್ತಾ ಹೋಗುವ ಪಟ್ಟಿ ಸದನದ ಕಡತಕ್ಕೆ ಸೇರಿದರೆ ಅಂತರ್ಜಲ ಕುಸಿತಕ್ಕೆ ಬೇರೆ ಸಾಕ್ಷಿ ಬೇಡ.

ಟ್ಯಾಂಕರಿನ ಹಣವನ್ನು ಈ ಪ್ರಶ್ನೆಯಲ್ಲಿ ಸೇರಿಸಿಲ್ಲ ಎಂಬುದನ್ನು ಗಮನಿಸಿ. ಅದನ್ನು ಸೇರಿಸಿದರೆ ಪ್ರಶ್ನೆ ಎರಡು ಇಲಾಖೆಗಳ ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ. ಅದು ಕಂದಾಯ ಸಚಿವರಿಗೆ ಪ್ರತ್ಯೇಕ ಪ್ರಶ್ನೆ: ಲೆಕ್ಕಶೀರ್ಷಿಕೆ 2245ರಡಿ ಜಿಲ್ಲೆಗೆ ಬಿಡುಗಡೆಯಾದದ್ದೆಷ್ಟು, ತಾಲ್ಲೂಕಿಗೆ ಹಂಚಿದ್ದೆಷ್ಟು, ವೆಚ್ಚವಾದದ್ದೆಷ್ಟು, ಜಿಲ್ಲಾಧಿಕಾರಿಗಳ ಪಿ.ಡಿ. (ವೈಯಕ್ತಿಕ ಠೇವಣಿ) ಖಾತೆಯಲ್ಲಿ ಪ್ರತಿ ತಿಂಗಳ ಕೊನೆಗೆ ಉಳಿದದ್ದೆಷ್ಟು, ಟ್ಯಾಂಕರ್ ಮಾಲೀಕರಿಗೆ ಬಾಕಿಯೆಷ್ಟು. ಬಿಡುಗಡೆ ಮತ್ತು ವೆಚ್ಚ ಇವೆರಡನ್ನೂ ಬಿಡಿಸಿ ಕೇಳದಿದ್ದರೆ "ಹಣದ ಕೊರತೆ ಇರುವುದಿಲ್ಲ, ಜಿಲ್ಲಾಧಿಕಾರಿಗಳ ಖಾತೆಯಲ್ಲಿ ಸಾಕಷ್ಟು ಅನುದಾನ ಲಭ್ಯವಿದೆ" ಎಂಬ ಉತ್ತರ ಬರುತ್ತದೆ. ಊರಿಗೆ ನೀರಿಲ್ಲದೆ ಖಾತೆಯಲ್ಲಿ ಹಣವಿದೆ ಎಂದರೆ ಅದಕ್ಕಿಂತ ದೊಡ್ಡ ವೈಫಲ್ಯವಿಲ್ಲ. ಆ ಎರಡು ಅಂಕಿಗಳನ್ನು ಸರ್ಕಾರದ ಉತ್ತರದಲ್ಲೇ ಎದುರುಬದುರು ತರಿಸುವುದು ನಿಮ್ಮ ಕೆಲಸ.

ಬೆಳೆ ನಷ್ಟದ ಪರಿಹಾರಕ್ಕೂ ಇದೇ ಬಗೆಯ ಬಿಡಿಸುವಿಕೆ ಬೇಕು. ವಿಪತ್ತು ಪರಿಹಾರ ನಿಧಿಯ 2022-26ರ ಮಾರ್ಗಸೂಚಿಯಲ್ಲಿ ಶೇ. 33 ಅಥವಾ ಅದಕ್ಕಿಂತ ಹೆಚ್ಚು ಹಾನಿಯಾದ ಬೆಳೆಗೆ ಮಳೆಯಾಶ್ರಿತ ಹೆಕ್ಟೇರಿಗೆ ₹8,500, ನೀರಾವರಿಗೆ ₹17,000, ಬಹುವಾರ್ಷಿಕ ಬೆಳೆಗೆ ₹22,500, ಅದೂ ಎರಡು ಹೆಕ್ಟೇರಿನ ಮಿತಿಗೆ ಎಂದಿತ್ತು. "ಎಷ್ಟು ರೈತರಿಗೆ ಪರಿಹಾರ ಕೊಡಲಾಗಿದೆ" ಎಂದು ಕೇಳುವ ಬದಲು ಎಷ್ಟು ರೈತರಿಗೆ ಕೊಟ್ಟಿಲ್ಲ, ಯಾವ ಕಾರಣಕ್ಕೆ ಎಂದು ಕೇಳಿ: ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ) ಇಲ್ಲದವರು, ಆಧಾರ್ ಜೋಡಣೆಯಾಗದವರು, ಪಹಣಿಯ ಹೆಸರಿಗೂ ಬ್ಯಾಂಕಿನ ಹೆಸರಿಗೂ ತಾಳೆಯಾಗದವರು, ಪೌತಿ ಖಾತೆ (ಮೃತರ ಜಮೀನು ವಾರಸುದಾರರ ಹೆಸರಿಗೆ ಆಗುವುದು) ಬಾಕಿಯಿರುವವರು. ಕಾರಣವಾರು ಪಟ್ಟಿ ಬಂದರೆ ಗ್ರಾಮ ಆಡಳಿತಾಧಿಕಾರಿಗೆ ಮರುದಿನವೇ ಕೆಲಸ ಹಚ್ಚಬಹುದು. ಮೃತ ತಂದೆಯ ಹೆಸರಿನಲ್ಲೇ ಪಹಣಿ ಉಳಿದಿರುವ ಮನೆಗಳಿಗೆ ಇದು ದೊಡ್ಡ ಸಹಾಯ.

ಬರದ ಹಣದ ವಿಷಯದಲ್ಲಿ ದಿನಾಂಕಗಳ ಪ್ರಶ್ನೆ ಎಷ್ಟು ಮುಖ್ಯ ಎಂಬುದನ್ನು 2023ರ ಬರ ತೋರಿಸಿದೆ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ರಾಜ್ಯ ₹18,171 ಕೋಟಿ ಕೇಳಿತು. ಕೇಂದ್ರ ತಂಡ 2023ರ ಅಕ್ಟೋಬರಿನಲ್ಲಿ ಬಂದು ಹೋಯಿತು. ರಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ ಮೇಲೆ, 2024ರ ಏಪ್ರಿಲ್‌ನಲ್ಲಿ ಸುಮಾರು ₹3,454 ಕೋಟಿ ಬಿಡುಗಡೆಯಾಯಿತು. ಇಂಥ ಕಾಲದಲ್ಲಿ ಸಂಸದರು ಕೇಳಬೇಕಾದದ್ದು "ಪರಿಹಾರ ಯಾವಾಗ" ಎಂದಲ್ಲ. ಮನವಿ ತಲುಪಿದ ದಿನ, ಕೇಂದ್ರ ತಂಡ ವರದಿ ಕೊಟ್ಟ ದಿನ, ಉನ್ನತ ಮಟ್ಟದ ಸಮಿತಿ ಸಭೆ ಸೇರಿದ ದಿನ, ಹಣ ಬಿಡುಗಡೆಯಾದ ದಿನ ಈ ನಾಲ್ಕನ್ನು ಕೇಳಬೇಕು. ಜೊತೆಗೆ ಶಾಸಕರು ರಾಜ್ಯವನ್ನು ಕೇಳಬೇಕಾದದ್ದೂ ಇದೆ. ಹಣ ಬಂದ ಎಷ್ಟು ದಿನಕ್ಕೆ ರೈತರ ಖಾತೆಗೆ ಹೋಯಿತು? ಸಾಲಕ್ಕೆ ವಜಾ ಮಾಡಿಕೊಂಡ ಬ್ಯಾಂಕುಗಳಿಂದ ಎಷ್ಟು ಹಣ ವಾಪಸು ಕೊಡಿಸಲಾಯಿತು?

ಬಿಸಿಲಿನ ಪ್ರಶ್ನೆಯಲ್ಲಿ ಒಂದು ಗುಂಡಿ ಇದೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಶಾಖದ ಅಲೆ ಎನ್ನಬೇಕಾದರೆ ಗರಿಷ್ಠ ಉಷ್ಣಾಂಶ ಬಯಲಿನಲ್ಲಿ ಕನಿಷ್ಠ 40 ಡಿಗ್ರಿ, ಕರಾವಳಿಯಲ್ಲಿ 37 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು, ಇಲ್ಲವೇ ನೇರವಾಗಿ 45 ಡಿಗ್ರಿ ಮುಟ್ಟಬೇಕು. ರಾಯಚೂರು, ಕಲಬುರಗಿಯಂಥ ಕಡೆ ಏಪ್ರಿಲ್, ಮೇ ತಿಂಗಳ ವಾಡಿಕೆಯೇ 40ರ ಆಸುಪಾಸು. ಹಾಗಾಗಿ ಜನ ಬೆಂದುಹೋಗುತ್ತಿದ್ದರೂ "ಶಾಖದ ಅಲೆಯ ದಿನಗಳೆಷ್ಟು" ಎಂಬ ಪ್ರಶ್ನೆಗೆ ಬಹಳ ಸಣ್ಣ ಅಂಕಿ ಬರಬಹುದು. ಅದರ ಬದಲು ಹೋಬಳಿವಾರು ಗರಿಷ್ಠ ಮತ್ತು ರಾತ್ರಿಯ ಕನಿಷ್ಠ ಉಷ್ಣಾಂಶ ಕೇಳಿ. ಆರೋಗ್ಯ ಸಚಿವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರವಾರು ಬಿಸಿಲಾಘಾತದ ಪ್ರಕರಣಗಳು, ಓಆರ್‌ಎಸ್ ದಾಸ್ತಾನು, ಕರೆಂಟು ಹೋದಾಗ ನಡೆಯುವ ಜನರೇಟರ್ ಇದೆಯೇ ಎಂದು ಕೇಳಿ. ಕಲಬುರಗಿ ವಿಭಾಗದಲ್ಲೂ ವಿಜಯಪುರ, ಬಾಗಲಕೋಟೆಯಲ್ಲೂ ಬೇಸಿಗೆಗೆ ಸರ್ಕಾರಿ ಕಚೇರಿಗಳ ಸಮಯ ಬದಲಾಗುತ್ತದೆ. ಬಯಲಲ್ಲಿ ದುಡಿಯುವ ಪೌರಕಾರ್ಮಿಕರಿಗೆ, ಕೂಲಿಕಾರರಿಗೆ ಅಂಥ ಆದೇಶವಿದೆಯೇ, ಆದೇಶದ ದಿನಾಂಕವೇನು, ಕೆಲಸದ ಜಾಗದಲ್ಲಿ ನೆರಳು ಮತ್ತು ನೀರು ಇದೆಯೇ ಎಂದು ಪರಿಶೀಲಿಸಿದವರು ಯಾರು ಎಂಬ ಪ್ರಶ್ನೆಯನ್ನು ಯಾರಾದರೂ ಕೇಳಲೇಬೇಕು.

ನಗರದ ಶಾಸಕರಿಗೆ ವಿಷಯದ ಕೊರತೆಯಿಲ್ಲ. 2024ರ ಮಾರ್ಚಿನಲ್ಲಿ ಬೆಂಗಳೂರಿನ 13,900 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಉಪಮುಖ್ಯಮಂತ್ರಿಗಳೇ ಹೇಳಿದ್ದರು. ಅದೇ ವರ್ಷ ಅಕ್ಟೋಬರಿನಲ್ಲಿ ದಿನಕ್ಕೆ 775 ದಶಲಕ್ಷ ಲೀಟರಿನ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ಅದರ ಗುರಿ 110 ಹಳ್ಳಿಗಳ ಪ್ರದೇಶ. ಆ ಹಳ್ಳಿಗಳಲ್ಲಿ ಸಂಪರ್ಕ ಪಡೆದ ಮನೆಗಳೆಷ್ಟು, ಪಡೆಯದವರು ಠೇವಣಿ ದುಬಾರಿ ಎಂದೋ ಒಳಚರಂಡಿ ಇಲ್ಲವೆಂದೋ ಹಿಂದೆ ಸರಿದರೇ, ಬತ್ತಿದ ಕೊಳವೆಬಾವಿಗಳ ಪೈಕಿ ಮರುಪೂರಣ ಗುಂಡಿ ಮಾಡಿದ್ದೆಷ್ಟು ಎಂಬುದನ್ನು ವಾರ್ಡ್‌ವಾರು ಕೇಳಬಹುದು. ಪಾಲಿಕೆ 2023ರ ನವೆಂಬರಿನಲ್ಲಿ ಹೊರತಂದ ಹವಾಮಾನ ಕ್ರಿಯಾ ಯೋಜನೆಯ ಬಗ್ಗೆ ಕೇಳುವುದಾದರೆ, 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ಪಾಲಿಕೆಗಳು ಬಂದ ಮೇಲೆ ಆ ಯೋಜನೆಯ ಯಾವ ಕೆಲಸ ಯಾರ ಪಾಲಿಗೆ ಹೋಯಿತು ಎಂಬುದೇ ಮೊದಲ ಪ್ರಶ್ನೆಯಾಗಬೇಕು.

ತಿರಸ್ಕೃತವಾಗದಂತೆ ನೋಡಿಕೊಳ್ಳುವುದು

ಪ್ರಶ್ನೆಯಲ್ಲಿ ವಾದ, ವ್ಯಂಗ್ಯ, ಆರೋಪ, ವಿಶೇಷಣ ಬೇಡ. "ನಿರ್ಲಕ್ಷ್ಯದಿಂದ", "ಭ್ರಷ್ಟ ಅಧಿಕಾರಿಗಳು" ಎಂಬ ಪದ ನುಸುಳಿದರೆ ಅಷ್ಟಕ್ಕೇ ಹಿಂದಿರುಗುತ್ತದೆ. ಅಭಿಪ್ರಾಯ ಕೇಳುವಂತಿಲ್ಲ, "ಒಂದು ವೇಳೆ ಮಳೆ ಬಾರದಿದ್ದರೆ" ಎಂಬ ಊಹೆಯ ಪ್ರಶ್ನೆಯೂ ನಡೆಯದು. ನ್ಯಾಯಾಲಯದಲ್ಲಿರುವ ವಿಷಯ ಒಪ್ಪಿಗೆಯಾಗದು, ಹಾಗಾಗಿ ಕೆರೆ ಒತ್ತುವರಿಯ ದಾವೆ ನಡೆಯುತ್ತಿದ್ದರೆ ಆ ಸರ್ವೆ ನಂಬರು ಬಿಟ್ಟು ಉಳಿದವನ್ನು ಕೇಳಿ. ಲೋಕಸಭೆಯಲ್ಲಿ ಪ್ರಶ್ನೆ 150 ಪದ ಮೀರಬಾರದು.

ಅತಿಯಾಸೆಯಿಂದಲೂ ಪ್ರಶ್ನೆ ಕೆಡುತ್ತದೆ. "ರಾಜ್ಯದ ಎಲ್ಲ ಗ್ರಾಮಗಳ ಕಳೆದ ಹತ್ತು ವರ್ಷದ ವಿವರ" ಎಂದರೆ "ಮಾಹಿತಿ ಸಂಗ್ರಹಿಸಲಾಗುತ್ತಿದೆ" ಎಂಬ ಉತ್ತರವನ್ನು ನೀವೇ ಬರೆದುಕೊಟ್ಟಂತೆ. ಒಂದು ತಾಲ್ಲೂಕು, ಮೂರು ವರ್ಷ, ನಾಲ್ಕೈದು ಭಾಗ ಸಾಕು.

ಕರಡು ಎಲ್ಲಿಂದ ಬಂತು ಎಂಬುದನ್ನೂ ನೋಡಲೇಬೇಕು. ಕೆಲವು ಕರಡುಗಳ ಹಿಂದೆ ಗುತ್ತಿಗೆದಾರರ ಬಾಕಿ ಬಿಲ್ಲೋ, ಟೆಂಡರ್ ಸೋತವರ ಸಿಟ್ಟೋ ಇರುತ್ತದೆ. ಪ್ರಶ್ನೆಗಾಗಿ ಹಣ ಪಡೆದ ಪ್ರಕರಣದಲ್ಲಿ 2005ರ ಡಿಸೆಂಬರಿನಲ್ಲಿ ಸಂಸತ್ತಿನ 11 ಸದಸ್ಯರು ಉಚ್ಚಾಟನೆಗೊಂಡರು. ಸದಸ್ಯರ ಲಾಗಿನ್, ಸಹಿ ಮಾಡಿದ ಖಾಲಿ ಹಾಳೆ ಯಾವುದೂ ಹೊರಗಿನವರ ಕೈಗೆ ಹೋಗಬಾರದು.

ಚುಕ್ಕೆ ಬೇಕೇ, ಬೇಡವೇ

ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಎದ್ದುನಿಂತು ಉತ್ತರಿಸುತ್ತಾರೆ, ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ ಮಾತ್ರ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನವು, 230 ಇಲ್ಲದವು. ರಾಜ್ಯಸಭೆಯಲ್ಲಿ 15 ಮತ್ತು 160. ಆ 20ರಲ್ಲಿ ಮೌಖಿಕ ಉತ್ತರದ ಸರದಿ ಬರುವುದು ಕೆಲವಕ್ಕಷ್ಟೇ, ಉಳಿದವಕ್ಕೆ ಲಿಖಿತ ಉತ್ತರವೇ ಗತಿ. ಆದ್ದರಿಂದ ಪಟ್ಟಿ, ಅಂಕಿಅಂಶ ಬೇಕಿದ್ದರೆ ಚುಕ್ಕೆ ಬೇಡ. ಅನುಬಂಧದೊಡನೆ ಬರುವ ಲಿಖಿತ ಉತ್ತರವೇ ಹೆಚ್ಚು ಬೆಲೆಯುಳ್ಳದ್ದು. ಅಂಕಿಗಳು ಈಗಾಗಲೇ ಕೈಯಲ್ಲಿದ್ದು ಸಚಿವರಿಂದ ಒಂದು ದಿನಾಂಕದ ಮಾತು ಬೇಕಿದ್ದರೆ ಚುಕ್ಕೆ ಹಾಕಿ. ಒಳ್ಳೆಯ ಕ್ರಮವೆಂದರೆ ಒಂದು ಅಧಿವೇಶನದಲ್ಲಿ ಚುಕ್ಕೆಯಿಲ್ಲದೆ ಅಂಕಿ ತರಿಸಿ, ಮುಂದಿನದರಲ್ಲಿ ಅದೇ ಅಂಕಿ ಹಿಡಿದು ಚುಕ್ಕೆ ಗುರುತಿನ ಪ್ರಶ್ನೆ ಕೇಳುವುದು.

ಉಪಪ್ರಶ್ನೆಗೆ ಎರಡು ಚೀಟಿ ಬರೆದಿಡಿ. ಉತ್ತರ ಸರಿಯಾಗಿ ಬಂದರೆ ಒಂದು, ಹಾರಿಕೆಯ ಉತ್ತರ ಬಂದರೆ ಇನ್ನೊಂದು. ಎರಡೂ ಒಂದೇ ವಾಕ್ಯದಲ್ಲಿರಲಿ: "ಅನುಬಂಧದ ಈ ಊರಿಗೆ ನೂರು ಮನೆಗೂ ನಲ್ಲಿ ಇದೆ ಎಂದಿದ್ದೀರಿ, ಅದೇ ಊರಿಗೆ ಟ್ಯಾಂಕರ್ ಕಳಿಸಿದ್ದೇವೆ ಎಂದೂ ಇದೆ, ನಲ್ಲಿಯಲ್ಲಿ ನೀರು ಯಾವ ತಿಂಗಳಿಂದ ಬರುತ್ತದೆ?" ಪೀಠಿಕೆ ಹಾಕಿ ಭಾಷಣಕ್ಕಿಳಿದರೆ ಸಭಾಧ್ಯಕ್ಷರು ಮುಂದಿನ ಸದಸ್ಯರನ್ನು ಕರೆಯುತ್ತಾರೆ. ಉತ್ತರದ ಪ್ರತಿ ಬೆಳಿಗ್ಗೆ ಕೈಗೆ ಬಂದ ಕೂಡಲೇ ಅನುಬಂಧದ ಒಟ್ಟು ಮೊತ್ತಗಳನ್ನು ಕೂಡಿ ನೋಡುವುದು ಸಹಾಯಕರ ಮೊದಲ ಕೆಲಸ. ಕೂಡಿಕೆ ತಪ್ಪಿರುವ ಪಟ್ಟಿಗಳು ಅಪರೂಪವಲ್ಲ.

ತುರ್ತಿದ್ದರೆ, ಅಂದರೆ ಊರು ನೆರೆಯಲ್ಲಿದ್ದರೆ, ಪ್ರಶ್ನೆಯ ದಾರಿ ಬೇಡ. ವಿಧಾನಸಭೆಯಲ್ಲಿ ನಿಯಮ 73ರಡಿ ಗಮನ ಸೆಳೆಯುವ ಸೂಚನೆ, ನಿಯಮ 69ರಡಿ ಚರ್ಚೆ, ಅಥವಾ ಶೂನ್ಯ ವೇಳೆ ಇದಕ್ಕಾಗಿಯೇ ಇವೆ.

ಉತ್ತರ ಬಂದ ಮೇಲೆ

"ಪರಿಶೀಲನೆಯಲ್ಲಿದೆ", "ಪರಿಗಣಿಸಲಾಗುವುದು", "ಮಾಹಿತಿ ಸಂಗ್ರಹಿಸಿ ಸದನದಲ್ಲಿ ಮಂಡಿಸಲಾಗುವುದು" ಎಂಬ ಮಾತುಗಳನ್ನು ಕಂಡು ನಿರಾಶರಾಗಬೇಡಿ. ಸಂಸತ್ತಿನಲ್ಲಿ ಇಂಥ ಮಾತುಗಳು ಭರವಸೆ ಎಂದೇ ದಾಖಲಾಗುತ್ತವೆ, ಮೂರು ತಿಂಗಳಲ್ಲಿ ಈಡೇರಿಸಬೇಕು. ವಿಧಾನಮಂಡಲದಲ್ಲೂ ಸರ್ಕಾರಿ ಭರವಸೆಗಳ ಸಮಿತಿ ಇದೆ. ಉತ್ತರದ ಆ ಸಾಲಿಗೆ ಗೆರೆ ಎಳೆದು, ಪ್ರಶ್ನೆ ಸಂಖ್ಯೆ, ದಿನಾಂಕ ಬರೆದು ಸಮಿತಿಗೆ ಪತ್ರ ಕೊಡಿ. ಉತ್ತರದಲ್ಲಿ ತಪ್ಪು ಮಾಹಿತಿಯಿದ್ದರೆ ಲೋಕಸಭೆಯಲ್ಲಿ ಸ್ಪೀಕರ್ ನಿರ್ದೇಶನ 115ರಡಿ ಅದನ್ನು ಎತ್ತಿ ತೋರಿಸಬಹುದು. ಅದಕ್ಕೆ ದಾಖಲೆ ಬೇಕು, ಮಾಹಿತಿ ಹಕ್ಕಿನಲ್ಲಿ ಪಡೆದ ಲಾಗ್‌ಬುಕ್ಕಿನ ಪ್ರತಿ ಅಲ್ಲಿ ಕೆಲಸಕ್ಕೆ ಬರುತ್ತದೆ.

ಎಲ್ಲವನ್ನೂ ಸದನಕ್ಕೇ ಒಯ್ಯಬೇಕಿಲ್ಲ. ಕೆಟ್ಟ ಮೋಟರು, ಸುಟ್ಟ ಟ್ರಾನ್ಸ್‌ಫಾರ್ಮರ್ ತಾಲ್ಲೂಕು ಕೆಡಿಪಿ (ಅಭಿವೃದ್ಧಿ ಕೆಲಸಗಳ ಪ್ರಗತಿ ಪರಿಶೀಲನಾ) ಸಭೆಯಲ್ಲಿ ಬಗೆಹರಿಯಬೇಕು. ಅದರ ಅಧ್ಯಕ್ಷರು ಶಾಸಕರೇ. ಸದನದ ಉತ್ತರದ ಅನುಬಂಧವನ್ನು ಕೆಡಿಪಿ ಸಭೆಯ ಮೇಜಿನ ಮೇಲಿಟ್ಟು ಒಂದೊಂದು ಊರಿನ ಹೆಸರು ಓದಿಸಿದರೆ, ಇಲಾಖೆಯವರು ಬೆಂಗಳೂರಿಗೆ ಕಳಿಸಿದ ಅಂಕಿಯನ್ನು ಆ ಊರಿನವರ ಎದುರೇ ಒಪ್ಪಬೇಕು ಇಲ್ಲವೇ ತಿದ್ದಬೇಕು. ನಡಾವಳಿಯಲ್ಲಿ ಅದು ದಾಖಲಾಗುವಂತೆ ನೋಡಿಕೊಳ್ಳಿ.

ಸದನದಲ್ಲಿ ಮಂಡನೆಯಾಗುವ ತನಕ ಉತ್ತರವನ್ನು ಎಲ್ಲೂ ಹಂಚಬಾರದು. ಮಂಡನೆಯಾದ ಮೇಲೆ ಕನ್ನಡದ ಪ್ರತಿಯನ್ನು ಆಯಾ ಗ್ರಾಮ ಪಂಚಾಯಿತಿಯ ಸೂಚನಾ ಫಲಕಕ್ಕೆ ಹಚ್ಚಿ, ಗ್ರಾಮಸಭೆಯಲ್ಲಿ ಓದಿ. ತಮ್ಮ ಓಣಿಗೆ ಟ್ಯಾಂಕರ್ 60 ದಿನ ಬಂದಿದೆ ಎಂದು ಬರೆದಿರುವುದನ್ನು ಕೇಳಿದ ಹೆಂಗಸರು ಎಷ್ಟು ದಿನ ಬಂತೆಂದು ಅಲ್ಲೇ ಹೇಳುತ್ತಾರೆ. ಅದನ್ನು ಗ್ರಾಮಸಭೆಯ ಠರಾವಿನಲ್ಲಿ ಬರೆಸಿ, ಠರಾವಿನ ಪ್ರತಿಯನ್ನು ಶಾಸಕರ ಕಚೇರಿಗೆ ತಲುಪಿಸಿ. ಮುಂದಿನ ಅಧಿವೇಶನದ ಕರಡು ಅಲ್ಲಿಂದಲೇ ಶುರುವಾಗುತ್ತದೆ: "ಚುಕ್ಕೆ ಗುರುತಿಲ್ಲದ ಪ್ರಶ್ನೆ ಸಂಖ್ಯೆ ಇಷ್ಟಕ್ಕೆ ಇಂಥ ದಿನಾಂಕದಂದು ನೀಡಿರುವ ಉತ್ತರದ ಅನುಬಂಧದಲ್ಲಿನ ಅಂಕಿಗಳಿಗೂ ಗ್ರಾಮಸಭೆಯ ಠರಾವಿಗೂ ವ್ಯತ್ಯಾಸವಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ; ಬಂದಿದ್ದಲ್ಲಿ, ಈ ಎರಡರಲ್ಲಿ ಯಾವುದನ್ನು ಆಧರಿಸಿ ಬಿಲ್ಲು ಪಾವತಿಸಲಾಗಿದೆ?"